ಲಾಜರನ ಎರಡನೆಯ ಸಾವು

೧೭ ಜುಲೈ, ಬುಧವಾರ. ಕಡಬ.

ಗ್ಲಾಡಿಸಕ್ಕನ ಪ್ರಶ್ನೆ ತಲೆಯಿಂದ ಹೋಗುತ್ತಿಲ್ಲ. ಚರ್ಚಿನ ಸಭಾಪಾಲಕರು ಊರಲ್ಲಿಲ್ಲವೆಂದು ಸಂಜೆಯ ಬೈಬಲ್ ಅಧ್ಯಯನ ನಾನೇ ನಡೆಸಿದೆ. ಸತ್ತು ನಾಲ್ಕು ದಿನವಾಗಿದ್ದ ಲಾಜರನನ್ನು ಯೇಸು ಸಮಾಧಿಯಿಂದ ಜೀವಂತವಾಗಿ ಎಬ್ಬಿಸಿದ ಭಾಗ. ಓದಿ ಮುಗಿಸಿದಾಗ ಗ್ಲಾಡಿಸಕ್ಕ ಎದ್ದು ನಿಂತರು. ಅವರ ಗಂಡ ತೀರಿಕೊಂಡು ಇನ್ನೂ ವರ್ಷ ತುಂಬಿಲ್ಲ.

"ಟೀಚರೇ, ಲಾಜರ ಆಮೇಲೆ ಇನ್ನೊಮ್ಮೆ ಸತ್ತಿರ್ಬೇಕಲ್ಲ? ಅವನ ಅಕ್ಕತಂಗಿಯರು ಇನ್ನೊಮ್ಮೆ ಅತ್ತಿರ್ಬೇಕಲ್ಲ?"

"ಹೌದು," ಎಂದೆ.

"ನಮ್ಮವರು ಐಸಿಯುವಿನಲ್ಲಿ ಇದ್ದಾಗ ಹಟ ಹಿಡಿದು ಪ್ರಾರ್ಥನೆ ಮಾಡಿದ್ದು ನಾನು. ಮನೆಗೆ ಬಂದ್ರು. ಮತ್ತೆ ಎರಡು ತಿಂಗಳು ನರಳಿಯೇ ಹೋದ್ರು. ನಾನು ಕೇಳಿದ್ದೇ ತಪ್ಪಾಯ್ತಾ?"

ಎಲ್ಲರೂ ನನ್ನ ಮುಖ ನೋಡಿದರು. ದೇವರ ಚಿತ್ತ ಎಂಬ ಮಾತು ಬಾಯಿಯವರೆಗೆ ಬಂತು, ಹೇಳಲು ನಾಚಿಕೆಯಾಯಿತು.

"ನನಗೆ ಗೊತ್ತಿಲ್ಲ ಗ್ಲಾಡಿಸಕ್ಕ."

ಅವರು ಕೂತು ಕಣ್ಣೊರೆಸಿಕೊಂಡರು. "ಬರುವ ವಾರವೂ ನೀವೇ ಮಾಡ್ತೀರಾ?" ಎಂದು ಕೇಳಿದರು. ಅದು ಸಮಾಧಾನವೋ, ಉತ್ತರ ಬೇಕೆಂಬ ಒತ್ತಾಯವೋ? ಹೂಂ ಎಂದು ಬಂದಿದ್ದೇನೆ.

ಒಳಗೆ ಅಮ್ಮ ಕೆಮ್ಮುತ್ತಿದ್ದಾಳೆ. ಹಾಸಿಗೆ ಹಿಡಿದಂದಿನಿಂದ ದಿನವೂ ಅವಳ ಆಯುಸ್ಸಿಗಾಗಿ ಬೇಡುತ್ತಿದ್ದೆ. ಇವತ್ತು ಮೊಣಕಾಲೂರಿ "ಕರ್ತನೇ" ಎಂದೆ. ಮುಂದೆ ಏನು ಕೇಳಬೇಕೆಂದು ತಿಳಿಯಲಿಲ್ಲ. ಹಾಗೇ ಎದ್ದುಬಂದು ಅವಳ ಬೆನ್ನು ನೀವಿದೆ. ಅವಳಿಗೆ ನಿದ್ದೆ ಬಂತು. ನನಗೆ ಇನ್ನೂ ಬಂದಿಲ್ಲ.