ತಿಪ್ಪೆಗೊಂದು ಕನಸು, ನಿಮಗೊಂದು

ಕುಮಾಸಿ,
ಭಾನುವಾರ

ನನ್ನ ಬೈಗುಳವನ್ನೆಲ್ಲ ನಗುನಗುತ್ತಲೇ ನುಂಗಿಕೊಂಡ ದುಫಿಯೆ ಸಿಸ್ಟರಿಗೆ,

ಲಾರಿ ನಿಲ್ದಾಣದ ಊಟದಂಗಡಿಯ ಬೋಟೆಮಾ ಬರೆಯುತ್ತಿದ್ದೇನೆ. ಹೆದರಬೇಡಿ, ಈ ಸಲ ಜಗಳಕ್ಕಲ್ಲ. ಸಂತೋಷ ತಡೆಯಲಾರದೆ ಬರೆಯುತ್ತಿದ್ದೇನೆ.

ನನ್ನ ಮಗಳು ಸೆರ್ವಾಳನ್ನು ಮೊದಲು ನಿಮ್ಮ ಆಸ್ಪತ್ರೆಗೆ ಕರೆತಂದಾಗ ಹುಡುಗಿ ಒಣಕಡ್ಡಿಯಾಗಿದ್ದಳು. ಊರಿಗೆಲ್ಲ ಫುಫು ಮುದ್ದೆ ಹಾಕುವವಳ ಮಗಳು ಉಪವಾಸ ಎಂದು ಡ್ರೈವರುಗಳು ಆಡಿಕೊಳ್ಳುತ್ತಿದ್ದರು. ಎರಡು ವರ್ಷದ ಹಿಂದೆ ಬ್ರೇಕ್ ಫೇಲಾದ ಲಾರಿ ನಮ್ಮಂಗಡಿಗೆ ನುಗ್ಗಿ, ಅವಳ ಪಕ್ಕದಲ್ಲೇ ಉಣ್ಣುತ್ತಿದ್ದ ನನ್ನ ತಂಗಿ ಫೊಸುವಾ ಹೋದಳಲ್ಲ, ಅಂದಿನಿಂದ ಇವಳಿಗೆ ದಿನವೂ ಅದೇ ಕನಸು. ತುತ್ತು ಬಾಯಿಯ ಹತ್ತಿರ ಬರುವಷ್ಟರಲ್ಲಿ ಲಾರಿ ಬರುತ್ತಿತ್ತು. ಎದ್ದ ಮೇಲೆ ನಿಜವಾದ ತುತ್ತೂ ಇಳಿಯುತ್ತಿರಲಿಲ್ಲ. ಬಲವಂತ ಮಾಡಿದರೆ ಹಿತ್ತಲಿಗೆ ಹೋಗಿ ಕಕ್ಕಿ ಬರುತ್ತಿದ್ದಳು.

ತಟ್ಟೆಯ ಜೊತೆ ನಿದ್ದೆಗೂ ಮದ್ದು ಬೇಕು ಎಂದಿರಿ ನೀವು. ಕನಸನ್ನು ಹಗಲಲ್ಲಿ ಹೇಳಿಸಿ, ಅದರ ಕೊನೆಯನ್ನು ಅವಳಿಗಿಷ್ಟವಾದಂತೆ ಬದಲಿಸಿ ಬರೆಸಿ, ದಿನಕ್ಕೆರಡು ಸಲ ಓದಿಸುತ್ತೇನೆ ಎಂದಿರಿ. ನನಗೆ ಮೈಯೆಲ್ಲ ಉರಿದುಹೋಯಿತು. ಕೆಟ್ಟ ಕನಸನ್ನು ಮನುಷ್ಯರಿಗೆ ಹೇಳುತ್ತಾರೆಯೇ? ತಿಪ್ಪೆಯ ಮುಂದೆ ಪಿಸುಗುಟ್ಟಿ ಬಂದುಬಿಡಬೇಕು, ನಮ್ಮಜ್ಜಿಯ ಕಾಲದಿಂದ ಇರುವುದೇ ಹಾಗೆ. "ಓದಿದವಳು ಅಂತ ನನ್ನ ಮಗಳ ಬಾಯಿಂದ ಸಾವನ್ನ ಕರೆಸ್ತೀಯಾ?" ಎಂದು ಎಲ್ಲರೆದುರು ಕೂಗಾಡಿದೆ. ನೀವು ಸ್ವಲ್ಪವೂ ಬೇಸರಿಸದೆ, "ಸರಿ ಅಮ್ಮಾ, ಹಳೇದನ್ನ ತಿಪ್ಪೆಗೇ ಹೇಳ್ಲಿ. ಹೊಸದು ಮಾತ್ರ ನಂಗೆ ಹೇಳ್ಲಿ" ಎಂದಿರಿ. ಅದಕ್ಕೆ ಒಪ್ಪಿ, ಅವಳನ್ನು ತಿಪ್ಪೆಗೆ ಕರೆದೊಯ್ದೆ.

ಮೂರು ದಿನ ಕಾಗದ ಖಾಲಿ. ನಾಲ್ಕನೆಯ ದಿನ ಬರೆದಳು. ಲಾರಿ ಬಾಗಿಲಲ್ಲಿ ಗಕ್ಕನೆ ನಿಲ್ಲುತ್ತದೆ, ಡ್ರೈವರು ಇಳಿದು ಕೈ ತೊಳೆದು ಸಾರು ಕೇಳುತ್ತಾನೆ, ಫೊಸುವಾ ಚಿಕ್ಕಮ್ಮ ಸೌಟೆತ್ತಿ, "ಸಾಲಲ್ಲಿ ನಿಲ್ಲೋ, ಇದೇನು ನಿಮ್ಮಪ್ಪನ ಮನೆಯಾ" ಎನ್ನುತ್ತಾಳೆ. ನನ್ನ ತಂಗಿ ಮಾತಾಡುತ್ತಿದ್ದುದು ಹಾಗೆಯೇ. ಓದುತ್ತಾ ಅವಳಿಗೆ ನಗು, ಕೇಳುತ್ತಾ ನನಗೆ ಅಳು, ಆಮೇಲೆ ನನಗೂ ನಗು. ಬೆಳಿಗ್ಗೆ ಸಂಜೆ ಓದಿ ಓದಿ, ಫುಫು ಕುಟ್ಟುವ ಹೆಂಗಸರಿಗೂ ಅದು ಬಾಯಿಪಾಠವಾಯಿತು.

ಅದಾಗಿ ಐದು ವಾರ. ದಿನವೂ ಬರುತ್ತಿದ್ದ ಕನಸು ವಾರಕ್ಕೊಮ್ಮೆಗೆ ಇಳಿಯಿತು. ನೀವು ಹೇಳಿದ ಹಾಗೆ ಊಟವನ್ನು ಒಂದೊಂದೇ ಚಮಚ ಏರಿಸಿದೆ. ಈಗಲೂ ಕೆಲವು ದಿನ ಅರ್ಧ ಬಿಡುತ್ತಾಳೆ, ನಿಮ್ಮ ಹತ್ತಿರ ಸುಳ್ಳೇಕೆ?

ನಿನ್ನೆ ಬೆಳಿಗ್ಗೆ ನಾನು ಉಣ್ಣುತ್ತಾ ಕೂತಿದ್ದೆ. ಎದ್ದು ಬಂದವಳೇ ಎದುರಿಗೆ ಕುಳಿತು, "ಅಮ್ಮಾ, ಕನಸಲ್ಲಿ ಲಾರಿ ನಿಂತ್ಬಿಡ್ತು" ಎಂದಳು. ಕೈ ತೊಳೆದುಕೊಂಡು, ಎರಡು ವರ್ಷದ ಮೇಲೆ, ನನ್ನ ಬಟ್ಟಲಿಗೆ ಕೈ ಹಾಕಿದಳು. ದೊಡ್ಡ ಮೀನಿನ ತುಂಡನ್ನೇ ಎತ್ತಿಕೊಂಡು ತಿಂದಳು. ಎಲ್ಲಿ ಅತ್ತುಬಿಡುತ್ತೇನೋ ಎಂದು, "ನಂದ್ಯಾಕೆ ಎತ್ಕೊಂಡೇ, ಕಳ್ಳಿ" ಎಂದು ಗದರಿದೆ. ಅವಳು ಬಾಯಿಂದ ಮುಳ್ಳು ತೆಗೆದು ನನ್ನ ಮುಂದಿಟ್ಟು, "ತಗೋ, ಇದು ನಿಂದು" ಎಂದಳು.

ನಿಮ್ಮನ್ನು ಹೆತ್ತವಳ ಹೊಟ್ಟೆ ತಣ್ಣಗಿರಲಿ, ಸಿಸ್ಟರ್.

ನಿಮ್ಮ ಜಗಳಗಂಟಿ,
ಬೋಟೆಮಾ