ನಾಲ್ಕನೇ ಬಾಗಿಲ ದೆವ್ವ

ಕುಳ್ಳ ಚಂದ್ರನ ಮೇಲಿಂದ,
ಬುಧವಾರ, ಎರಡನೇ ಪಾಳಿ ಮುಗಿದ ಮೇಲೆ

ಪ್ರೀತಿಯ ಅಪ್ಪನಿಗೆ ಮಗಳ ನಮಸ್ಕಾರ.

ಇಲ್ಲಿ ನಾವೆಲ್ಲ ಚೆನ್ನಾಗಿದ್ದೇವೆ, ಅಮ್ಮನ ಬಲಗೈ ಹೆಬ್ಬೆರಳೊಂದನ್ನು ಬಿಟ್ಟು. ಹಿಮ ಕೊರೆಯುವ ಯಂತ್ರದ ಮುಚ್ಚಳ ಅದರ ಮೇಲೆ ಬಿತ್ತು. ಮೂಳೆ ಮುರಿದಿಲ್ಲ, ಉಗುರು ಕಪ್ಪಾಗಿದೆ. ಎಡಗೈಯಲ್ಲಿ ಬರೆಯಲು ಹೋಗಿ ಅಮ್ಮ ಎರಡು ಹಾಳೆ ಹರಿದು ಹಾಕಿದಳು. ಅದಕ್ಕೇ ಈ ಸಲದ ಪತ್ರ ನನ್ನ ಪಾಲಿಗೆ ಬಂತು. ನಾಳೆ ಸಾಮಾನಿನ ನೌಕೆ ಬರುತ್ತದೆ. ಶುಕ್ರವಾರ ವೈದ್ಯರ ಸಮಿತಿ ಸೇರುವುದರೊಳಗೆ ಇದು ನಿನ್ನ ಕೈ ಸೇರಬೇಕು.

ಇದರ ಜೊತೆ ನಮ್ಮ ನೆಲೆಯ ಮೇಲ್ವಿಚಾರಕರ ಕಾಗದವೂ ಇದೆ. ವೈದ್ಯರು ನನ್ನ ಪತ್ರವನ್ನೂ ಓದಬಹುದಂತೆ, ಎಲ್ಲವನ್ನೂ ಮೊದಲಿಂದ ಬರಿ ಎಂದು ಮೇಲ್ವಿಚಾರಕರು ಹೇಳಿದ್ದಾರೆ. ಹಾಗಾಗಿ ನಿನಗೆ ಗೊತ್ತಿರುವುದನ್ನೂ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡ.

ಮುಖ್ಯ ಸುದ್ದಿ ಮೊದಲು. ನಿನ್ನೆ ನಾಲ್ಕನೇ ಬಾಗಿಲು ತೆರೆಯಿತು. ಅಲ್ಲಿ ದೆವ್ವ ಇರಲಿಲ್ಲ. ನೀನು ಹೇಳಿದ್ದೇ ನಿಜ.

ಇನ್ನು ವೈದ್ಯರಿಗಾಗಿ. ಏಳು ತಿಂಗಳ ಹಿಂದೆ ನಾಲ್ಕನೇ ಸುರಂಗದಲ್ಲಿ ಹಿಮ ಕುಸಿಯಿತು. ಒಳಗಿದ್ದವರು ನಲವತ್ತೊಂದು ಜನ, ಹೊರಗೆ ಬಂದವರೂ ನಲವತ್ತೊಂದು ಜನ. ಬಾಗಿಲು ಮುಚ್ಚಿದರು. ಮೂರನೇ ದಿನದಿಂದ, ಎರಡನೇ ಪಾಳಿಯ ಗಂಟೆ ಹೊಡೆದ ಕೂಡಲೇ, ಮುಚ್ಚಿದ ಬಾಗಿಲನ್ನು ಆ ಕಡೆಯಿಂದ ಯಾರೋ ಮೂರು ಸಲ ತಟ್ಟತೊಡಗಿದರು. ದಿನಾ ಅದೇ ಹೊತ್ತು, ಮೂರೇ ಸಲ. ಒಳಗೆ ಯಾರೂ ಇಲ್ಲ ಎಂದಮೇಲೆ ದೆವ್ವವೇ ಎಂದು ಎಲ್ಲರೂ ತೀರ್ಮಾನ ಮಾಡಿದರು. ಬಾಯಿಂದ ಬಾಯಿಗೆ ಹೋಗಿ ಸುದ್ದಿಗೆ ಕೈಕಾಲು ಬಂತು. ನೌಕೆಯವರು ಪೆಟ್ಟಿಗೆಗಳನ್ನು ಇಳಿದಾಣದಲ್ಲೇ ಎಸೆದು, ಒಂದು ಲೋಟ ನೀರೂ ಕುಡಿಯದೆ ಹೊರಟುಬಿಡುತ್ತಾರೆ. ಹದಿನಾಲ್ಕು ಜನ ವರ್ಗ ಕೇಳಿದ್ದಾರೆ. ಕೆಳಗೆ ಗ್ರಹದಲ್ಲಿ ನಮ್ಮ ಕುಳ್ಳನಿಗೆ ದೆವ್ವದ ಚಂದ್ರ ಎಂದು ಹೆಸರಾಗಿದೆಯಂತೆ. ನೀನು ಅಲ್ಲೇ ಇದ್ದೀಯಲ್ಲ, ಹೌದಾ?

ದೆವ್ವ ಗಂಟೆ ಹೊಡೆಯೋವರೆಗೂ ಕಾಯಲ್ಲ, ಯಾರೋ ಬಾಗಿಲು ಕೇಳ್ತಿದ್ದಾರೆ ಎಂದವನು ನೀನೊಬ್ಬ. ಪಾಳಿ ಮುಗಿಸಿ ಕೊಳಾಯಿ ಸಾಮಾನಿನ ಚೀಲ ಪಕ್ಕಕ್ಕಿಟ್ಟು ದಿನಾ ಅಲ್ಲಿ ಹೋಗಿ ಕೂರುತ್ತಿದ್ದೆ. ಅದು ಮೂರು ತಟ್ಟಿದರೆ ನೀನು ಸುತ್ತಿಗೆಯಿಂದ ಮೂರು ತಟ್ಟುತ್ತಿದ್ದೆ. ಊಟ ಆರಿಹೋಗುತ್ತಿತ್ತು. ಆಮೇಲೆ ಬಾಗಿಲನ್ನೇ ಕತ್ತರಿಸುತ್ತೇನೆಂದು ಕಟರ್ ತಂದು ಮಂಚದ ಕೆಳಗೆ ಬಚ್ಚಿಟ್ಟೆ. ಅದು ಸಿಕ್ಕಿಬಿತ್ತು. ತಲೆಗೆ ವಿಶ್ರಾಂತಿ ಬೇಕು ಎಂದು ಚೀಟಿ ಬರೆದು ನಿನ್ನನ್ನು ಕೆಳಗೆ ಕಳಿಸಿದರು. ಶುಕ್ರವಾರ ಸಮಿತಿ ಸಹಿ ಹಾಕಿದರೆ ನೀನು ಮತ್ತೆ ಇಲ್ಲಿಗೆ ಬರುವಂತಿಲ್ಲ. ಅಮ್ಮನ ಕರಾರು ಇನ್ನೂ ಮೂರು ವರ್ಷ ಇದೆ. ಅಷ್ಟು ಹೊತ್ತಿಗೆ ನನಗೆ ಹದಿನಾಲ್ಕು ತುಂಬಿರುತ್ತದೆ. ನಾನು ಈ ಲೆಕ್ಕವನ್ನು ಬಹಳ ಸಲ ಮಾಡಿದ್ದೇನೆ.

ಕಳೆದ ಶನಿವಾರ ಶಾಲೆಯಲ್ಲಿ ಬಾಗಿಲಿನ ತಾಲೀಮು ಇತ್ತು. ಮೂರು ತಟ್ಟು, ಎರಡು ಕೇಳು, ಆಮೇಲೆ ತೆಗಿ. ಆ ಕಡೆ ಇರುವವರು ಗಾಳಿ ಇದೆಯೆಂದು ನೋಡಿಕೊಂಡು ಎರಡು ತಟ್ಟಬೇಕು, ಅದು ಕೇಳಿಸದೆ ಯಾರೂ ಚಕ್ರ ತಿರುಗಿಸಬಾರದು. ಬಾಗಿಲ ಆ ಕಡೆ ಅಡುಗೆ ಮಾಮನ ಮಗಳು ಬಾಯಿಬಡಕಿ, ಈ ಕಡೆ ನಾನು. ಯಾರು ಕೇಳುವವರು, ಯಾರು ಹೇಳುವವರು ಎಂದು ಟೀಚರ್ ವಿವರಿಸುವಾಗ ನಾವಿಬ್ಬರೂ ಹರಟುತ್ತಿದ್ದೆವು. ಹಾಗಾಗಿ ಅವಳೂ ಮೂರು ತಟ್ಟಿದಳು, ನಾನೂ ಮೂರು ತಟ್ಟಿದೆ. ಇಬ್ಬರೂ ಕಾಯುತ್ತಾ ನಿಂತೆವು. ಟೀಚರ್ ಐದು ನಿಮಿಷ ಸುಮ್ಮನೆ ನೋಡಿ, ಇಬ್ಬರೂ ಕೇಳೋರೇ ಆದ್ರೆ ಹೇಳೋರ್ಯಾರ್ರೇ ಎಂದು ಕೇಳಿದರು. ಎಲ್ಲರೂ ಬಿದ್ದು ಬಿದ್ದು ನಕ್ಕರು.

ನನಗೆ ನಗು ಬರಲಿಲ್ಲ. ಅಪ್ಪ, ನೀನು ಎರಡು ತಿಂಗಳು ಮಾಡಿದ್ದೂ ಇದನ್ನೇ. ಕೊಳಾಯಿ ಕೆಲಸದವನು ಯಾವಾಗಲೂ ಹೊರಗೆ ನಿಂತು ಬಾಗಿಲು ಕೇಳುವವನು. ಎರಡು ತಟ್ಟುವುದು ಕಾವಲಿನವರ ಕೆಲಸ. ಇಪ್ಪತ್ತು ವರ್ಷದಲ್ಲಿ ನೀನು ಒಮ್ಮೆಯೂ ಎರಡು ತಟ್ಟಿರಲಿಕ್ಕಿಲ್ಲ, ಕೈ ತಾನಾಗಿಯೇ ಮೂರು ತಟ್ಟಿಬಿಡುತ್ತದೆ.

ಭಾನುವಾರ ಇದನ್ನು ಮೇಲ್ವಿಚಾರಕರಿಗೆ ಹೇಳಿದೆ. ಮಕ್ಕಳು ದೊಡ್ಡೋರ ವಿಷ್ಯಕ್ಕೆ ಮೂಗು ತೂರಿಸ್ಬಾರ್ದು ಎಂದು ರೇಡಿಯೊ ಜೋರು ಮಾಡಿದರು. ಅಮ್ಮನಿಗೆ ಹೇಳಿದರೆ, ಆ ಬಾಗಿಲ ಸುದ್ದಿ ಈ ಮನೇಲಿ ಇನ್ನೊಂದ್ಸಲ ಎತ್ತಬೇಡ ಎಂದಳು. ಉಳಿದವಳು ಬಾಯಿಬಡಕಿ. ಅವಳು, ನಂಗೂ ಭಯ, ಆದ್ರೆ ನಿನ್ನೊಬ್ಬಳನ್ನೇ ಕಳಿಸಿದ್ರೆ ಆಮೇಲೆ ನನ್ನ ಜೊತೆ ಯಾರು ಮಾತಾಡ್ತಾರೆ ಎಂದಳು.

ನಿನ್ನೆ ತಾಲೀಮಿನ ಉಡುಪು ಹಾಕಿಕೊಂಡೇ ಹೋದೆವು. ಶಿರಸ್ತ್ರಾಣದ ಕೊಂಡಿಗಳನ್ನು ಪರಸ್ಪರ ಎರಡೆರಡು ಸಲ ನೋಡಿದೆವು, ಇದನ್ನು ಅಮ್ಮನಿಗೆ ನೀನೂ ಹೇಳು, ನಾನು ಹೇಳಿದರೆ ನಂಬುವುದಿಲ್ಲ. ಪ್ರವೇಶವಿಲ್ಲ ಎಂಬ ಫಲಕದ ಕೆಳಗೆ ನುಸುಳಿ, ಹೊರಬಾಗಿಲು ದಾಟಿ, ಅದನ್ನು ಹಿಂದಿನಿಂದ ಭದ್ರವಾಗಿ ಮುಚ್ಚಿ ನಡುಕೋಣೆಯಲ್ಲಿ ನಿಂತೆವು. ಸುರಂಗಕ್ಕೆ ತೆರೆಯುವ ಒಳಬಾಗಿಲಿನ ಚಕ್ರ ನಮ್ಮ ಕಡೆ ಹಿಮ ಹಿಡಿದು ಕಲ್ಲಾಗಿತ್ತು. ನೀನು ಕತ್ತರಿಸಬೇಕೆಂದಿದ್ದು ಯಾಕೆಂದು ಆಗ ಅರ್ಥವಾಯಿತು.

ಗಂಟೆ ಹೊಡೆಯಿತು. ಬಾಗಿಲ ಮೇಲಿಟ್ಟ ಕೈಗವಸಿಗೆ ಮೂರು ಪೆಟ್ಟು ತಾಗಿದವು. ಬಾಯಿಬಡಕಿ ಹುಟ್ಟಿದಾಗಿನಿಂದ ಮೊದಲ ಸಲ ಬಾಯಿ ಮುಚ್ಚಿದ್ದಳು. ನನಗೆ ಓಡಿಹೋಗಬೇಕು ಅನ್ನಿಸಿತು, ಸುಳ್ಳು ಯಾಕೆ ಹೇಳಲಿ. ಆದರೆ ಶುಕ್ರವಾರ ನೆನಪಾಯಿತು. ಎರಡು ತಟ್ಟಿದೆ.

ಹತ್ತು ಎಣಿಸುವಷ್ಟು ಹೊತ್ತು ಏನೂ ಆಗಲಿಲ್ಲ. ಆಮೇಲೆ ಚಕ್ರ ಆ ಕಡೆಯಿಂದ ತಿರುಗಿತು. ಹಿಮ ಪಟಪಟ ಒಡೆದು ಉದುರಿತು. ಬಾಗಿಲು ಒಂದು ಗೇಣು ತೆರೆದು, ಗಾಳಿ ಸಮವಾಗಲೆಂದು ನಿಂತಿತು. ಪೂರ್ತಿ ತೆರೆದಾಗ ಅಲ್ಲಿ ಕತ್ತೆ ನಿಂತಿತ್ತು.

ವೈದ್ಯರಿಗೆ: ಕತ್ತೆ ಎಂದರೆ ಪ್ರಾಣಿಯಲ್ಲ. ಸುರಂಗದಲ್ಲಿ ಸಾಮಾನು ಹೊರುವ ನಾಲ್ಕು ಕಾಲಿನ, ಎರಡು ಕೈಯ ಯಂತ್ರ. ಹಿಮದಡಿ ಜಜ್ಜಿಹೋಯಿತೆಂದು ಕಡತದಲ್ಲಿ ಬರೆದಿದ್ದರು, ಹೋಗಿ ನೋಡಿದವರಿಲ್ಲ. ಜನರನ್ನು ಎಣಿಸಿದರು, ಕತ್ತೆಯನ್ನು ಯಾರು ಎಣಿಸುತ್ತಾರೆ? ಸುರಂಗದ ವಿದ್ಯುತ್ ತಂತಿ ಕಡಿದಿರಲಿಲ್ಲ, ಅದರಿಂದಲೇ ಹೊಟ್ಟೆ ಹೊರೆದುಕೊಂಡಿದೆ. ಗಂಟೆಯ ಅದುರು ತಾಗಿದ ಕೂಡಲೇ ಮನೆಗೆ ಹೊರಟು, ಮೂರು ತಟ್ಟಿ, ಉತ್ತರ ಬರದಿದ್ದಕ್ಕೆ ವಾಪಸು ಹೋಗುತ್ತಿತ್ತು. ಏಳು ತಿಂಗಳು! ಉತ್ತರ ಬಾರದೆ ಬಾಗಿಲು ತೆಗೆಯಬಾರದು ಎಂದು ಅದಕ್ಕೆ ಕಲಿಸಿದವನು ನೀನೇ ಅಂತೆ. ಮೈತುಂಬ ಹಿಮ, ಒಂದೇ ದೀಪ ಉರಿಯುತ್ತಿತ್ತು. ಆದರೂ ಪಕ್ಕಕ್ಕೆ ಸರಿದು, ಮೊದಲು ನಾವು ಹೋಗಲೆಂದು ದಾರಿ ಬಿಟ್ಟಿತು. ಆಗ ನನಗೆ ಅಳು ಬಂತು.

ಅದು ನಮ್ಮ ಹಿಂದೆಯೇ ಅಡುಗೆಮನೆ ಮುಂದೆ ಟಕಟಕ ನಡೆದು ಬಂದಾಗ, ದೆವ್ವಗಿವ್ವ ಎಲ್ಲಾ ಸುಳ್ಳು ಎನ್ನುತ್ತಿದ್ದ ಅಡುಗೆ ಮಾಮ ಸೌಟು ಎಸೆದು ಮೇಜಿನ ಮೇಲೆ ಹತ್ತಿದರು. ಅಮ್ಮ ಮೊದಲು ಬೈದಳು, ಆಮೇಲೆ ಅತ್ತಳು, ಆಮೇಲೆ ಅಳಿಸಿದ್ದಕ್ಕೆ ಇನ್ನೊಮ್ಮೆ ಬೈದಳು. ನನಗೆ ಶಿಕ್ಷೆ ಎಂದರೆ, ಇನ್ನು ಒಂದು ತಿಂಗಳು ಶಾಲೆ ಬಿಟ್ಟರೆ ಮನೆ, ಮನೆ ಬಿಟ್ಟರೆ ಶಾಲೆ.

ಮೇಲ್ವಿಚಾರಕರು ಕತ್ತೆಯ ಮುಂದೆ ಖಾಲಿ ಪೆಟ್ಟಿಗೆಯ ಮೇಲೆ ಕೂತುಬಿಟ್ಟರು. ನಾನು ಏನೂ ಕೇಳದಿದ್ದರೂ ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿ ನೋಡಿಕೊಂಡರು. ನಂಗೂ ದಿನಾ ಕೇಳಿಸ್ತಿತ್ತಮ್ಮ, ಕೇಳಿಸ್ಬಾರ್ದು ಅಂತಾನೇ ರೇಡಿಯೊ ಹಾಕ್ತಿದ್ದೆ, ವರದೀಲಿ ಬರೆದ್ರೆ ಈ ನೆಲೆ ಮುಚ್ಚಿಬಿಡ್ತಿದ್ರು ಎಂದರು. ಹಾಗಾದ್ರೆ ನಮ್ಮಪ್ಪನ್ನ ಯಾಕೆ ಕಳಿಸಿದ್ರಿ ಎಂದು ಕೇಳಿದೆ. ಅವರು ಪೆನ್ನು ಕೇಳಿದರು. ಆ ಕಾಗದವೇ ಈಗ ನಿನ್ನ ಕೈಯಲ್ಲಿರುವುದು. ಅದರಲ್ಲಿ ಅವರು ತಮ್ಮ ತಪ್ಪನ್ನೂ ಬರೆದಿದ್ದಾರೆ. ನಾನು ಓದಿಯೇ ಲಕೋಟೆಗೆ ಹಾಕಿದೆ.

ಇನ್ನೊಂದು ಮಾತು. ಕಟರ್ ವಿಷಯ ಅಡುಗೆ ಮಾಮನೇ ಚಾಡಿ ಹೇಳಿದರೆಂದು ನೀನು ಅಮ್ಮನಿಗೆ ಬರೆದಿದ್ದೆ. ಅಮ್ಮ ಅಂದಿನಿಂದ ಅವರ ಮುಖ ನೋಡದೆ ತಟ್ಟೆ ಹಿಡಿಯುತ್ತಾಳೆ. ಪಾಪ, ಅವರು ಹೆಚ್ಚಾಗಿಯೇ ಬಡಿಸುತ್ತಾರೆ. ಅವರ ಮೇಲಿನ ಸಿಟ್ಟು ಬಿಟ್ಟುಬಿಡು.

ವೈದ್ಯರ ಮುಂದೆ ನಿಧಾನವಾಗಿ ಮಾತಾಡು, ಕೈ ಬೀಸಬೇಡ. ಸಹಿ ಆಗದಿದ್ದರೆ ಮುಂದಿನ ನೌಕೆಗೇ ಹೊರಡು.

ನಿನ್ನ ಮಗಳು

ತಾ.ಕ.: ಇದನ್ನು ಬೇರೆ ಚೀಟಿಯಲ್ಲಿ ಬರೆದಿದ್ದೇನೆ, ವೈದ್ಯರಿಗೆ ತೋರಿಸಬೇಡ. ಕಟರ್ ಮಂಚದ ಕೆಳಗಿದೆ ಎಂದು ಮೇಲ್ವಿಚಾರಕರಿಗೆ ಹೇಳಿದ್ದು ಅಡುಗೆ ಮಾಮ ಅಲ್ಲ, ನಾನು. ಬಾಗಿಲು ಕತ್ತರಿಸಿದರೆ ಗಾಳಿ ಹೋಗಿ ನೀನು ಸತ್ತುಹೋಗುತ್ತೀಯ ಎಂದು ಹೆದರಿದ್ದೆ. ಅದು ನಿಜ, ಆದರೆ ಅದೊಂದೇ ಅಲ್ಲ. ಶಾಲೆಯಲ್ಲಿ ನನ್ನನ್ನು ದೆವ್ವದ ಮಗಳು ಎನ್ನುತ್ತಿದ್ದರು, ನೀನು ಸ್ವಲ್ಪ ದಿನ ಎಲ್ಲಾದರೂ ಹೋಗಿದ್ದರೆ ಸಾಕು ಅನ್ನಿಸಿತ್ತು. ಮೂರು ವರ್ಷ ಆಗುತ್ತದೆಂದು ಗೊತ್ತಿರಲಿಲ್ಲ. ಅಮ್ಮನಿಗೆ ಇವತ್ತು ಮಲಗುವ ಮೊದಲು ಹೇಳುತ್ತೇನೆ. ನೀನು ಪತ್ರದಲ್ಲಿ ಬೈಯಬೇಡ, ಬಂದು ಬೈ.