ಬೆಲೆಯಿಲ್ಲದ ಕಡೆ ಒಂದು ಗೆರೆ

ನವೆಂಬರ್ 14, ಗುರುವಾರ

ಆ ಗೆರೆ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಶಾಲಾ ಮಕ್ಕಳಿಗೆ ನಾವು ಬರೆದ ಗಣಿತ ಪುಸ್ತಕ ನಾಳೆ ಅಚ್ಚಿಗೆ ಹೋಗಬೇಕು. ಮಧ್ಯಾಹ್ನ ಪುಟ ಜೋಡಿಸುವ ಅಕ್ಕ ನನ್ನ ಮೇಜಿಗೆ ಬಂದು ಒಂದು ನಕ್ಷೆಯ ಮೇಲೆ ಬೆರಳಿಟ್ಟರು.

"ಎರಡರ ಹತ್ರ ಬೆಲೆನೇ ಇಲ್ಲ ಅಂತ ನೀವೇ ಕೆಳಗೆ ಬರ್ದಿದೀರ. ಮತ್ತೆ ಅಲ್ಲಿ ಈ ಉದ್ದ ಗೆರೆ ಯಾಕಿದೆ?"

"ಗಣಿತ ನನಗೆ ಬಿಡಿ ಅಕ್ಕಾ" ಎಂದು ರೇಗಿದೆ. ಆಮೇಲೆ ನೋಡಿದರೆ ಅವರು ಹೇಳಿದ್ದೇ ಸರಿ. y = 1/(x − 2). x ಎರಡಾದರೆ ಸೊನ್ನೆಯಿಂದ ಭಾಗಿಸಬೇಕಾಗುತ್ತದೆ, ಹಾಗಾಗಿ ಅಲ್ಲಿ ಬೆಲೆಯಿಲ್ಲ, ಗೆರೆಯೂ ಇರಬಾರದು. ಪಾತಾಳಕ್ಕಿಳಿದ ತುದಿಯನ್ನೂ ಆಕಾಶಕ್ಕೇರಿದ ತುದಿಯನ್ನೂ ಸಾಫ್ಟ್‌ವೇರ್ ತಾನಾಗಿ ಗಂಟು ಹಾಕಿಬಿಟ್ಟಿತ್ತು. 1.99ರಿಂದ 2.01ರವರೆಗಿನ ಬೆಲೆಗಳನ್ನು ಬಿಟ್ಟುಬಿಡು ಎಂದು ಸಾಫ್ಟ್‌ವೇರ್‌ಗೆ ಒಂದು ಸಾಲಿನ ಆದೇಶ ಸೇರಿಸಿದೆ. ಗೆರೆ ಮಾಯ. ಎಷ್ಟು ಮಕ್ಕಳು ಇಲ್ಲದ ಗೆರೆಯನ್ನು ಸ್ಕೇಲ್ ಇಟ್ಟು ಎಳೆಯುತ್ತಿದ್ದರೋ!

ತಪ್ಪಾಯ್ತು ಎಂದೆ. "ನಂಗೆಲ್ಲಿ ಗಣಿತ ಬರುತ್ತೆ, ಬರ್ದಿದ್ದನ್ನ ಓದ್ದೆ ಅಷ್ಟೇ" ಎಂದು ನಕ್ಕರು. ಅಷ್ಟೇ ಅಂತೆ! ನಾನೂ ಸೇರಿ ಮೂವರು ಗಣಿತದವರು ಅದೇ ಪುಟಕ್ಕೆ ಸಹಿ ಹಾಕಿದ್ದೆವು. ನಾನು ಬರೆದ ಮಾತಿಗೆ ಬೆಲೆ ಕೊಟ್ಟವರು ಅವರೊಬ್ಬರೇ.

ಪುಸ್ತಕದ ಮೊದಲ ಪುಟದಲ್ಲಿ ನಮ್ಮ ಮೂವರ ಹೆಸರಿದೆ, ಅವರದಿಲ್ಲ. ಬೆಳಿಗ್ಗೆ ಹೋದ ಕೂಡಲೇ ಸೇರಿಸಬೇಕು. ಆದರೆ ಆ ಪುಟ ಜೋಡಿಸುವವರೂ ಅವರೇ. ತಮ್ಮ ಹೆಸರನ್ನು ತಾವೇ ಬಿಟ್ಟುಬಿಡದಿದ್ದರೆ ಸಾಕು.